ಕಡಿಮೆ ಜನ ಓಟು ಹಾಕಿದರೆ ಯಾರಿಗೆ ಲಾಭ? ಅಮೆರಿಕದ ಚರ್ಚು ರಾಜಕೀಯ ಬೆಳೆದ ಬಗೆ

1980ರ ಆಗಸ್ಟ್. ಟೆಕ್ಸಸ್‌ನ ಡಲ್ಲಾಸ್ ನಗರದ ಒಂದು ದೊಡ್ಡ ಒಳಾಂಗಣದಲ್ಲಿ ಸಾವಿರಾರು ಪಾಸ್ಟರ್‌ಗಳೂ ಚರ್ಚಿನ ಮುಖಂಡರೂ ಸೇರಿದ್ದರು. ಅಧ್ಯಕ್ಷ ಚುನಾವಣೆ ಹತ್ತಿರ ಬಂದಿತ್ತು. ರಿಪಬ್ಲಿಕನ್ ಅಭ್ಯರ್ಥಿ ರೊನಾಲ್ಡ್ ರೇಗನ್ ಮೈಕಿನ ಮುಂದೆ ನಿಂತು ಹೇಳಿದರು: "ನೀವು ನನಗೆ ಬೆಂಬಲ ಘೋಷಿಸುವ ಹಾಗಿಲ್ಲ, ಅದು ನನಗೆ ಗೊತ್ತು. ಆದರೆ ನಾನು ನಿಮಗೆ ಬೆಂಬಲ ಘೋಷಿಸುತ್ತೇನೆ." ತೆರಿಗೆ ವಿನಾಯಿತಿ ಪಡೆಯುವ ಚರ್ಚುಗಳು ಅಭ್ಯರ್ಥಿಗಳ ಪರ ಪ್ರಚಾರ ಮಾಡಬಾರದು ಎಂಬ ಕಾನೂನು ಅಲ್ಲಿ 1954ರಿಂದ ಇದೆ. ಆ ಕಾನೂನನ್ನು ಮುರಿಯದೆ ಅದರ ಪಕ್ಕದಲ್ಲೇ ನುಸುಳಿ ಹೋದ ಜಾಣ ಮಾತು ಅದು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಅದೇ ಸಭೆಯಲ್ಲಿ ಇನ್ನೊಬ್ಬರು ಮಾತಾಡಿದರು. ಹೆಸರು ಪಾಲ್ ವೇರಿಕ್. ಪಾಸ್ಟರ್ ಅಲ್ಲ, ಪಕ್ಕಾ ರಾಜಕೀಯ ಸಂಘಟಕ. ಅವರು ಹೇಳಿದ್ದರ ಸಾರ ಇಷ್ಟು: ಎಲ್ಲರೂ ಓಟು ಹಾಕಬೇಕು ಅಂತ ನನಗೇನೂ ಇಲ್ಲ, ಓಟು ಹಾಕುವವರು ಕಡಿಮೆ ಆದಷ್ಟೂ ಚುನಾವಣೆಯಲ್ಲಿ ನಮ್ಮ ಬಲ ಜಾಸ್ತಿ ಆಗುತ್ತದೆ. ಇದರ ವಿಡಿಯೊ ಇವತ್ತಿಗೂ ಇದೆ.

ಅಮೆರಿಕದ ಕ್ರಿಶ್ಚಿಯನ್ ಮೂಲಭೂತವಾದದ ರಾಜಕೀಯ ಅರ್ಥವಾಗಬೇಕಾದರೆ ರೇಗನ್ ಮಾತಿಗಿಂತ ವೇರಿಕ್ ಮಾತು ಮುಖ್ಯ. ಈ ಚಳವಳಿ ದೊಡ್ಡದಾದದ್ದು ದೇಶದಲ್ಲಿ ಹೆಚ್ಚು ಜನ ಅದನ್ನು ಒಪ್ಪಿದ್ದರಿಂದ ಅಲ್ಲ. ಬೇರೆಯವರು ಮನೆಯಲ್ಲಿ ಕೂತ ದಿನ ಇವರು ಮತಗಟ್ಟೆಗೆ ಹೋದರು. ಬೇರೆಯವರು ತಲೆ ಕೆಡಿಸಿಕೊಳ್ಳದ ಕಮಿಟಿಗಳಲ್ಲಿ ಇವರು ಕೂತರು. ಅದೂ ಒಂದೆರಡು ಚುನಾವಣೆಗಲ್ಲ, ನಾಲ್ಕೈದು ದಶಕ.

ಮೂಲಭೂತವಾದಿ ಅಂದರೆ ಯಾರು?

ಈ ಹೆಸರು ಬೈಗುಳವಾಗಿ ಹುಟ್ಟಿದ್ದಲ್ಲ. ಅವರೇ ಇಟ್ಟುಕೊಂಡದ್ದು. 1910ರಿಂದ 1915ರವರೆಗೆ ಲಾಸ್ ಏಂಜಲೀಸ್‌ನ ತೈಲೋದ್ಯಮಿ ಲೈಮನ್ ಸ್ಟುವರ್ಟ್ ಅವರ ದುಡ್ಡಿನಲ್ಲಿ 12 ಕಿರುಹೊತ್ತಿಗೆಗಳು ಅಚ್ಚಾದವು. ಪಾಸ್ಟರ್‌ಗಳಿಗೆ, ಧರ್ಮಪ್ರಚಾರಕರಿಗೆ ಲಕ್ಷಗಟ್ಟಲೆ ಪ್ರತಿ ಪುಕ್ಕಟೆ ಹೋದವು. ಬೈಬಲ್‌ನಲ್ಲಿ ತಪ್ಪೇ ಇಲ್ಲ, ಯೇಸು ಕನ್ಯೆಯ ಮಗ, ಸತ್ತು ದೇಹಸಮೇತ ಎದ್ದು ಬಂದ, ಮತ್ತೆ ಬರುತ್ತಾನೆ: ಇವು ಕ್ರಿಶ್ಚಿಯನ್ ಧರ್ಮದ ಬುನಾದಿ, ಇದರಲ್ಲಿ ಚೌಕಾಸಿ ಇಲ್ಲ ಎಂಬುದು ಅವುಗಳ ಒಟ್ಟು ಮಾತು. ಜರ್ಮನಿಯಿಂದ ಬಂದ ಹೊಸ ಬೈಬಲ್ ವಿಮರ್ಶೆ ಮತ್ತು ಡಾರ್ವಿನ್, ಈ ಎರಡೂ ಸೇರಿ ಚರ್ಚಿನ ಒಳಗೇ ಜಗಳ ಎದ್ದಿದ್ದ ಕಾಲ. ಈ ಬುನಾದಿಗಾಗಿ ಹೋರಾಡಲು ತಯಾರಿರುವವರನ್ನು 1920ರಲ್ಲಿ ಒಬ್ಬ ಬ್ಯಾಪ್ಟಿಸ್ಟ್ ಸಂಪಾದಕರು ಫಂಡಮೆಂಟಲಿಸ್ಟ್ ಎಂದು ಕರೆದರು. ಹೆಸರು ನಿಂತಿತು.

ಇವ್ಯಾಂಜೆಲಿಕಲ್ ಎನ್ನುವುದು ಇದಕ್ಕಿಂತ ದೊಡ್ಡ ಗುಂಪು. ನಂಬಿಕೆ ಹೆಚ್ಚುಕಡಿಮೆ ಅದೇ, ಆದರೆ ಹೊರಗಿನ ಲೋಕದ ಜೊತೆ ಅಷ್ಟು ಜಗಳ ಇಲ್ಲ. ಕಪ್ಪು ಜನರ ಚರ್ಚುಗಳಲ್ಲೂ ನಂಬಿಕೆ ಬಹುಪಾಲು ಹೀಗೇ ಇದೆ, ಅವರ ಓಟು ಮಾತ್ರ ಬಹುತೇಕ ಡೆಮಾಕ್ರಟಿಕ್ ಪಕ್ಷಕ್ಕೆ. ಹಾಗಾಗಿ ಬೈಬಲ್ ಓದಿದವರೆಲ್ಲ ಹೀಗೇ ಓಟು ಹಾಕುತ್ತಾರೆ ಅಂತ ಹೇಳಿಬಿಟ್ಟರೆ ಅರ್ಧ ಕಥೆ ಕೈಬಿಟ್ಟ ಹಾಗೆ. ನಾವು ಇಲ್ಲಿ ಮಾತಾಡುತ್ತಿರುವುದು ಮುಖ್ಯವಾಗಿ ಬಿಳಿಯರ ಇವ್ಯಾಂಜೆಲಿಕಲ್ ಚರ್ಚುಗಳು ಮತ್ತು ಅವುಗಳ ಒಳಗಿನ ಗಟ್ಟಿ ಮೂಲಭೂತವಾದಿ ಗುಂಪಿನ ಬಗ್ಗೆ.

ಡೇಟನ್‌ನಲ್ಲಿ ಸೋತದ್ದು ಯಾರು?

ಟೆನೆಸ್ಸಿ ರಾಜ್ಯ 1925ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಮನುಷ್ಯ ಪ್ರಾಣಿಗಳಿಂದ ವಿಕಾಸವಾಗಿ ಬಂದ ಎಂದು ಕಲಿಸುವುದನ್ನು ನಿಷೇಧಿಸಿತು. ಈ ಕಾನೂನನ್ನು ಪ್ರಶ್ನಿಸಲು ಒಬ್ಬ ಶಿಕ್ಷಕ ಸಿಕ್ಕರೆ ಕೇಸಿನ ಖರ್ಚು ನಾವು ನೋಡಿಕೊಳ್ಳುತ್ತೇವೆ ಎಂದು ನಾಗರಿಕ ಹಕ್ಕುಗಳ ಸಂಘಟನೆಯೊಂದು ಪತ್ರಿಕೆಯಲ್ಲಿ ಪ್ರಕಟಿಸಿತು. ಡೇಟನ್ ಎಂಬ ಸಣ್ಣ ಊರಿನ ಕೆಲವರು ರಾಬಿನ್ಸನ್ ಅವರ ಔಷಧಿ ಅಂಗಡಿಯಲ್ಲಿ ಕೂತು ಲೆಕ್ಕ ಹಾಕಿದರು: ಕೇಸು ನಮ್ಮೂರಿಗೇ ಬಂದರೆ ಜನ ಬರುತ್ತಾರೆ, ವ್ಯಾಪಾರ ಆಗುತ್ತದೆ. ಫುಟ್‌ಬಾಲ್ ಕೋಚ್ ಆಗಿದ್ದ ಯುವ ಶಿಕ್ಷಕ ಜಾನ್ ಸ್ಕೋಪ್ಸ್ ಅವರನ್ನು ಕರೆಸಿದರು. ತಾನು ವಿಕಾಸವಾದ ಪಾಠ ಮಾಡಿದ್ದೇನೋ ಇಲ್ಲವೋ ಅವರಿಗೇ ಸರಿಯಾಗಿ ನೆನಪಿರಲಿಲ್ಲ. ಆದರೂ ಒಪ್ಪಿಕೊಂಡರು.

ಜನ ಬಂದರು. ಬೈಬಲ್ ಮಾರುವವರು, ತಿಂಡಿ ಮಾರುವವರು, ಚಿಂಪಾಂಜಿ ಕಟ್ಟಿಕೊಂಡು ಬಂದವರು. ಷಿಕಾಗೊದ ರೇಡಿಯೊ ಕೇಂದ್ರ ವಿಚಾರಣೆಯನ್ನು ನೇರ ಪ್ರಸಾರ ಮಾಡಿತು. ಸರ್ಕಾರದ ಪರ ನಿಂತವರು ವಿಲಿಯಂ ಜೆನ್ನಿಂಗ್ಸ್ ಬ್ರಯಾನ್, ಮೂರು ಸಲ ಡೆಮಾಕ್ರಟಿಕ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ನಿಂತು ಸೋತವರು. ಸ್ಕೋಪ್ಸ್ ಪರ ಕ್ಲಾರೆನ್ಸ್ ಡ್ಯಾರೋ. ಸೆಕೆಗೆ ಕೋರ್ಟನ್ನೇ ಹೊರಗೆ ಹುಲ್ಲುಹಾಸಿನ ಮೇಲೆ ನಡೆಸಿದ ಒಂದು ಮಧ್ಯಾಹ್ನ, ಡ್ಯಾರೋ ಎದುರು ಪಕ್ಷದ ಬ್ರಯಾನ್ ಅವರನ್ನೇ ಸಾಕ್ಷಿಯಾಗಿ ಕೂರಿಸಿ ಬೈಬಲ್ ಬಗ್ಗೆ ಪ್ರಶ್ನೆ ಕೇಳಿದರು. ಸೃಷ್ಟಿಯ ಆರು ದಿನ ಅಂದರೆ 24 ಗಂಟೆಯ ದಿನಗಳೇನಾ? ಅಲ್ಲದಿರಬಹುದು ಎಂದು ಬ್ರಯಾನ್ ಒಪ್ಪಿಕೊಂಡರು. ಪತ್ರಿಕೆಗಳಿಗೆ ಹಬ್ಬ. ಜ್ಯೂರಿ ಮಾತ್ರ ಒಂಬತ್ತು ನಿಮಿಷದಲ್ಲಿ ಸ್ಕೋಪ್ಸ್ ತಪ್ಪಿತಸ್ಥ ಎಂದಿತು. 100 ಡಾಲರ್ ದಂಡ. ಐದು ದಿನದ ನಂತರ, ಒಂದು ಭಾನುವಾರ, ಬ್ರಯಾನ್ ಅದೇ ಊರಿನಲ್ಲಿ ತೀರಿಕೊಂಡರು. 50 ಡಾಲರ್‌ಗಿಂತ ಹೆಚ್ಚಿನ ದಂಡವನ್ನು ಜಡ್ಜ್ ವಿಧಿಸುವ ಹಾಗಿಲ್ಲ, ಜ್ಯೂರಿಯೇ ವಿಧಿಸಬೇಕು ಎಂಬ ತಾಂತ್ರಿಕ ಕಾರಣಕ್ಕೆ 1927ರಲ್ಲಿ ಆ ತೀರ್ಪು ಬಿದ್ದುಹೋಯಿತು.

ಬ್ರಯಾನ್ ಅವರನ್ನು ಸುಮ್ನೆ ಹಳ್ಳಿಗಮಾರ ಎಂದು ತಳ್ಳಿಹಾಕುವುದು ಆಗಿನಿಂದಲೂ ರೂಢಿ. ನನಗೆ ಅದು ಅನ್ಯಾಯ ಅನಿಸುತ್ತದೆ. ಅವರು ರೈತರ ಪರ, ಕೂಲಿಗಳ ಪರ, ಯುದ್ಧಕ್ಕೆ ವಿರೋಧ. 1915ರಲ್ಲಿ ದೇಶ ಯುದ್ಧದ ಕಡೆ ವಾಲುತ್ತಿದೆ ಎಂದು ವಿದೇಶಾಂಗ ಸಚಿವನ ಹುದ್ದೆಯನ್ನೇ ಬಿಟ್ಟವರು. ಬಲಶಾಲಿ ಉಳಿಯುತ್ತಾನೆ, ದುರ್ಬಲ ಸಾಯುತ್ತಾನೆ ಎಂಬ ತತ್ವ ಬಡವರ ಮೇಲೆ ಹೇಗೆ ಎರಗುತ್ತದೆ ಎಂಬ ಭಯ ಅವರಿಗಿತ್ತು. ಸ್ಕೋಪ್ಸ್ ಬಳಸಿದ್ದ ಪಠ್ಯಪುಸ್ತಕದಲ್ಲಿ ಬಿಳಿಯ ಜನಾಂಗವೇ ಎಲ್ಲಕ್ಕಿಂತ ಮೇಲು ಎಂದು ಬರೆದಿತ್ತು ಎಂಬುದನ್ನೂ ನೆನಪಿಡಬೇಕು.

ದೇಶದ ಎದುರು ಮೂಲಭೂತವಾದಿಗಳ ಮಾನ ಹೋಯಿತು, ನಿಜ. ಆದರೆ ಶಾಲೆಯಲ್ಲಿ ಏನಾಯಿತು? ಪ್ರಕಾಶಕರು ಸದ್ದಿಲ್ಲದೆ ಹಿಂದೆ ಸರಿದರು. ಅದೇ ಪಠ್ಯದ ಮುಂದಿನ ಆವೃತ್ತಿಯಲ್ಲಿ ವಿಕಾಸ ಎಂಬ ಪದವೇ ಮಾಯ. 1957ರಲ್ಲಿ ರಷ್ಯಾ ಸ್ಪುಟ್ನಿಕ್ ಹಾರಿಸಿ, ವಿಜ್ಞಾನದಲ್ಲಿ ಹಿಂದೆ ಬಿದ್ದೆವಲ್ಲಾ ಎಂದು ಅಮೆರಿಕ ಗಾಬರಿಯಾದ ಮೇಲೆಯೇ ಡಾರ್ವಿನ್ ಪಠ್ಯಗಳಿಗೆ ಗಟ್ಟಿಯಾಗಿ ವಾಪಸ್ ಬಂದದ್ದು. ಟೆನೆಸ್ಸಿಯ ಕಾನೂನು 1967ರವರೆಗೂ ಜಾರಿಯಲ್ಲಿತ್ತು. ಪತ್ರಿಕೆಯಲ್ಲಿ ಸೋತವರು ತರಗತಿಯಲ್ಲಿ ಗೆದ್ದಿದ್ದರು.

ಶುರುವಾದದ್ದು ಗರ್ಭಪಾತದಿಂದಲೇ?

ಮುಂದಿನ ಸುಮಾರು 50 ವರ್ಷ ಈ ಚರ್ಚುಗಳು ತಮ್ಮದೇ ಲೋಕ ಕಟ್ಟಿಕೊಂಡವು. ಬೈಬಲ್ ಕಾಲೇಜು, ರೇಡಿಯೊ, ಆಮೇಲೆ ಟಿವಿ. ರಾಜಕೀಯ ಕೊಳಕು ಎಂಬ ಭಾವನೆ ಇತ್ತು. ವರ್ಜೀನಿಯಾದ ಲಿಂಚ್‌ಬರ್ಗ್‌ನ ಪಾಸ್ಟರ್ ಜೆರ್ರಿ ಫಾಲ್‌ವೆಲ್ 1965ರಲ್ಲಿ ಒಂದು ಪ್ರವಚನ ಕೊಟ್ಟರು: ಪಾಸ್ಟರ್‌ಗಳ ಕೆಲಸ ಆತ್ಮಗಳನ್ನು ಗೆಲ್ಲುವುದು, ಮೆರವಣಿಗೆ ಹೋಗುವುದಲ್ಲ. ಮಾರ್ಟಿನ್ ಲೂಥರ್ ಕಿಂಗ್ ಮೆರವಣಿಗೆಗಳಲ್ಲಿ ನಡೆಯುತ್ತಿದ್ದ ಪಾಸ್ಟರ್‌ಗಳಿಗೆ ಹೇಳಿದ ಮಾತು ಅದು. 14 ವರ್ಷದ ನಂತರ, 1979ರಲ್ಲಿ, ಅದೇ ಫಾಲ್‌ವೆಲ್ ಮಾರಲ್ ಮೆಜಾರಿಟಿ ಎಂಬ ರಾಜಕೀಯ ಸಂಘಟನೆ ಶುರು ಮಾಡಿದರು. ಮಧ್ಯದಲ್ಲಿ ಏನಾಯಿತು?

ಎಲ್ಲರೂ ಹೇಳುವ ಉತ್ತರ: 1973ರಲ್ಲಿ ಸುಪ್ರೀಂ ಕೋರ್ಟ್ ಗರ್ಭಪಾತವನ್ನು ಹಕ್ಕು ಎಂದಿತು, ಕ್ರಿಶ್ಚಿಯನ್ನರು ಸಿಡಿದೆದ್ದರು. ಕ್ಯಾಥೊಲಿಕರ ಮಟ್ಟಿಗೆ ಇದು ನಿಜ. ಆದರೆ ಪ್ರೊಟೆಸ್ಟೆಂಟರ ಅತಿದೊಡ್ಡ ಒಕ್ಕೂಟವಾದ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ 1971ರಲ್ಲೇ ಒಂದು ನಿರ್ಣಯ ಮಾಡಿತ್ತು. ಅತ್ಯಾಚಾರ, ಭ್ರೂಣದ ಗಂಭೀರ ದೋಷ, ತಾಯಿಯ ದೈಹಿಕ ಅಥವಾ ಮಾನಸಿಕ ಆರೋಗ್ಯಕ್ಕೆ ಅಪಾಯ ಇದ್ದಾಗ ಗರ್ಭಪಾತಕ್ಕೆ ಕಾನೂನು ಅವಕಾಶ ಕೊಡಲಿ ಎಂಬುದು ಆ ನಿರ್ಣಯ. ಇವತ್ತು ಆ ಒಕ್ಕೂಟದಲ್ಲಿ ಯಾರಾದರೂ ಇದನ್ನು ಗಟ್ಟಿಯಾಗಿ ಓದಿದರೆ ಹೊರಗೆ ಕಳಿಸುತ್ತಾರೆ.

ಇನ್ನೊಂದು ಉತ್ತರ ಅಷ್ಟು ಚೆಂದವಾಗಿಲ್ಲ. ಕಪ್ಪು ಮತ್ತು ಬಿಳಿ ಮಕ್ಕಳು ಒಂದೇ ಸರ್ಕಾರಿ ಶಾಲೆಯಲ್ಲಿ ಓದಬೇಕು ಎಂದು ಕೋರ್ಟ್ ಹೇಳಿದ ಮೇಲೆ ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರಿಗಾಗಿಯೇ ಖಾಸಗಿ ಶಾಲೆಗಳು ಎದ್ದವು. ಎಷ್ಟೋ ಚರ್ಚುಗಳೂ ಅವನ್ನು ತೆರೆದವು. ಮಿಸಿಸಿಪ್ಪಿಯ ಹೋಮ್ಸ್ ಕೌಂಟಿಯ ಸರ್ಕಾರಿ ಶಾಲೆಗಳಲ್ಲಿದ್ದ 771 ಬಿಳಿಯ ಮಕ್ಕಳು ಒಂದೇ ವರ್ಷದಲ್ಲಿ 28ಕ್ಕೆ ಇಳಿದರು. ಅಲ್ಲಿನ ಕಪ್ಪು ಪೋಷಕರು ಕೋರ್ಟಿಗೆ ಹೋದರು: ನಮ್ಮ ಮಕ್ಕಳನ್ನು ದೂರ ಇಡುವ ಶಾಲೆಗೆ ಸರ್ಕಾರ ತೆರಿಗೆ ವಿನಾಯಿತಿ ಯಾಕೆ ಕೊಡಬೇಕು? 1971ರಲ್ಲಿ ಅವರು ಗೆದ್ದರು.

ಅಲ್ಲಿಂದ ತೆರಿಗೆ ಇಲಾಖೆ ಸೌತ್ ಕ್ಯಾರೊಲಿನಾದ ಬಾಬ್ ಜೋನ್ಸ್ ವಿಶ್ವವಿದ್ಯಾಲಯದ ಬಾಗಿಲಿಗೂ ಹೋಯಿತು. ಪಕ್ಕಾ ಮೂಲಭೂತವಾದಿ ಸಂಸ್ಥೆ. ಕಪ್ಪು ಮತ್ತು ಬಿಳಿ ವಿದ್ಯಾರ್ಥಿಗಳು ಪ್ರೀತಿ ಮಾಡಿ ಓಡಾಡುವುದಕ್ಕೆ ನಿಷೇಧ ಹಾಕಿತ್ತು. 1976ರಲ್ಲಿ ಅದರ ತೆರಿಗೆ ವಿನಾಯಿತಿ ರದ್ದಾಯಿತು. 1978ರಲ್ಲಿ ತೆರಿಗೆ ಇಲಾಖೆ ಎಲ್ಲ ಖಾಸಗಿ ಶಾಲೆಗಳಿಗೂ ನಿಯಮ ಬಿಗಿ ಮಾಡಲು ಹೊರಟಾಗ ಲಕ್ಷಕ್ಕೂ ಹೆಚ್ಚು ವಿರೋಧ ಪತ್ರಗಳು ಬಂದು ಬಿದ್ದವು. ವೇರಿಕ್ ವರ್ಷಗಟ್ಟಲೆ ಅಶ್ಲೀಲತೆ, ಶಾಲೆಯ ಪ್ರಾರ್ಥನೆ, ಗರ್ಭಪಾತ ಎಂದು ಒಂದೊಂದೇ ವಿಷಯ ಹಿಡಿದು ಈ ಜನರನ್ನು ಎಬ್ಬಿಸಲು ನೋಡಿದ್ದರು. ಎದ್ದಿರಲಿಲ್ಲ. ತಮ್ಮ ಶಾಲೆಗೆ ಸರ್ಕಾರ ಕೈ ಹಾಕಿದಾಗ ಎದ್ದರು ಎಂದು ಅವರೇ ಆಮೇಲೆ ಹೇಳಿದ್ದಾರೆ. ಇತಿಹಾಸಕಾರರಲ್ಲಿ ಈ ಬಗ್ಗೆ ಈಗಲೂ ವಾದ ಇದೆ. ಗರ್ಭಪಾತದ ಸಿಟ್ಟು ಮೊದಲೇ ಬೆಳೆಯುತ್ತಿತ್ತು ಎನ್ನುವವರೂ ಇದ್ದಾರೆ. ಎರಡೂ ಸೇರಿತ್ತು ಅಂತಲೇ ನನಗೆ ಅನಿಸುವುದು. ಬಾವುಟಕ್ಕೆ ಯಾವುದು ಚೆನ್ನಾಗಿ ಕಾಣುತ್ತದೋ ಅದನ್ನು ಮುಂದೆ ಹಿಡಿದರು. ಬಿಳಿಯರ ಶಾಲೆ ಉಳಿಸಿ ಅಂತ ಬೀದಿಗೆ ಬರುವುದು ಕಷ್ಟ, ಮಗು ಉಳಿಸಿ ಅಂತ ಬರಬಹುದು, ಅಲ್ವಾ?

ಇದರಲ್ಲಿ ಪಾಪ ಸಿಕ್ಕಿಬಿದ್ದವರು ಡೆಮಾಕ್ರಟಿಕ್ ಅಧ್ಯಕ್ಷ ಜಿಮ್ಮಿ ಕಾರ್ಟರ್. ಸ್ವತಃ ಸದರ್ನ್ ಬ್ಯಾಪ್ಟಿಸ್ಟ್. ಭಾನುವಾರದ ಬೈಬಲ್ ತರಗತಿ ಕಲಿಸುತ್ತಿದ್ದರು. 1976ರಲ್ಲಿ ಗೆದ್ದಾಗ ಇವ್ಯಾಂಜೆಲಿಕಲ್ ಓಟೂ ಸಾಕಷ್ಟು ಅವರಿಗೆ ಬಂದಿತ್ತು. ನಾಲ್ಕೇ ವರ್ಷದಲ್ಲಿ ಅದೇ ಜನ ಅವರನ್ನು ಬಿಟ್ಟು, ಡಿವೋರ್ಸ್ ಆಗಿದ್ದ, ಚರ್ಚಿಗೆ ಅಪರೂಪಕ್ಕೆ ಹೋಗುತ್ತಿದ್ದ ಹಾಲಿವುಡ್ ನಟ ರೇಗನ್ ಹಿಂದೆ ಹೋದರು. ಟ್ರಂಪ್ ಹಿಂದೆ ಇವರು ಹೋದದ್ದು ನೋಡಿ 2016ರಲ್ಲಿ ಆಶ್ಚರ್ಯಪಟ್ಟವರಿಗೆ 1980 ಮರೆತಿತ್ತು.

ಅಡುಗೆಮನೆ ಮೇಜಿನ ಕೆಲಸ

ಟೆಕ್ಸಸ್‌ನ ಲಾಂಗ್‌ವ್ಯೂ ಊರಿನಲ್ಲಿ ಮೆಲ್ ಮತ್ತು ನಾರ್ಮಾ ಗೇಬ್ಲರ್ ಎಂಬ ದಂಪತಿ ಇದ್ದರು. ಗಂಡ ತೈಲ ಕಂಪನಿಯೊಂದರ ಗುಮಾಸ್ತ, ಹೆಂಡತಿ ಗೃಹಿಣಿ. 1961ರಲ್ಲಿ ಮಗನ ಪಠ್ಯಪುಸ್ತಕ ನೋಡಿ ಸಿಟ್ಟು ಬಂತು. ಆವತ್ತಿನಿಂದ ಮನೆಯಲ್ಲಿ ಕೂತು ಒಂದೊಂದೇ ಪಠ್ಯವನ್ನು ಸಾಲು ಸಾಲಾಗಿ ಓದಿ, ಇಷ್ಟನೇ ಪುಟ, ಇಷ್ಟನೇ ಸಾಲು, ಇದು ತಪ್ಪು ಎಂದು ಪಟ್ಟಿ ಮಾಡಿ, ರಾಜ್ಯದ ವಿಚಾರಣೆಗಳಿಗೆ ಹೊತ್ತುಕೊಂಡು ಹೋದರು. ವಿಕಾಸವಾದ, ಲೈಂಗಿಕ ಶಿಕ್ಷಣ, ದೇಶಭಕ್ತಿ ಸಾಲದು, ಹೀಗೆ. ಜೊತೆಗೆ ನಿಜವಾದ ತಪ್ಪುಗಳನ್ನೂ ಹುಡುಕಿ ಕೊಟ್ಟರು, ಅದರಿಂದ ಅವರ ಮಾತಿಗೆ ತೂಕ ಬಂತು. ಟೆಕ್ಸಸ್ ಇಡೀ ರಾಜ್ಯಕ್ಕೆ ಒಟ್ಟಿಗೆ ಪಠ್ಯ ಆಯ್ಕೆ ಮಾಡುತ್ತಿತ್ತು. ಅಷ್ಟು ದೊಡ್ಡ ಗಿರಾಕಿಯನ್ನು ಕಳೆದುಕೊಳ್ಳಲು ಪ್ರಕಾಶಕರು ತಯಾರಿರಲಿಲ್ಲ. ಟೆಕ್ಸಸ್‌ಗಾಗಿ ತಿದ್ದಿದ ಪುಸ್ತಕವೇ ಬೇರೆ ರಾಜ್ಯಗಳಿಗೂ ಹೋಗುತ್ತಿತ್ತು.

ಈ ತಾಳ್ಮೆ ಆಮೇಲೆ ಚುನಾವಣೆಗೂ ಬಂತು. ಟಿವಿ ಪ್ರವಚನಕಾರ ಪ್ಯಾಟ್ ರಾಬರ್ಟ್‌ಸನ್ 1988ರಲ್ಲಿ ತಾವೇ ಅಧ್ಯಕ್ಷ ಅಭ್ಯರ್ಥಿಯಾಗಲು ಹೊರಟು ಸೋತರು. ಸೋತ ಮೇಲೆ ಕೈಯಲ್ಲಿದ್ದ ಬೆಂಬಲಿಗರನ್ನು ಕೂಡಿಸಿ 1989ರಲ್ಲಿ ಕ್ರಿಶ್ಚಿಯನ್ ಕೊಯಲಿಷನ್ ಕಟ್ಟಿದರು. ಅದು ಕಣ್ಣಿಟ್ಟದ್ದು ಕೆಳಗಿನ ಹುದ್ದೆಗಳ ಮೇಲೆ. ಅಮೆರಿಕದ ಸ್ಕೂಲ್ ಬೋರ್ಡ್ ಅಂದರೆ ನಮ್ಮ ಎಸ್‌ಡಿಎಂಸಿ ಅಂದುಕೊಳ್ಳಬೇಡಿ. ಚುನಾವಣೆಯಲ್ಲಿ ಗೆದ್ದು ಬಂದ ಸದಸ್ಯರು, ಬಜೆಟ್, ನೇಮಕ, ಏನು ಕಲಿಸಬೇಕು ಎಂಬುದೆಲ್ಲ ಬಹುಪಾಲು ಅವರ ಕೈಲಿ. ಆದರೆ ಆ ಚುನಾವಣೆಗೆ ಓಟು ಹಾಕಲು ಹೋಗುವವರು ಬೆರಳೆಣಿಕೆ. 1990ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಕೌಂಟಿಯಲ್ಲಿ ಇಂಥ ಸಣ್ಣಪುಟ್ಟ ಸ್ಥಾನಗಳಿಗೆ ಸುಮಾರು 90 ಮಂದಿ ಧಾರ್ಮಿಕ ಬಲಪಂಥೀಯರು ನಿಂತರು. ಹಲವರು ಸಾರ್ವಜನಿಕ ಚರ್ಚೆಗಳಿಗೆ ಬರಲೇ ಇಲ್ಲ. ಮತದಾನದ ಹಿಂದಿನ ಭಾನುವಾರ ಚರ್ಚುಗಳ ಪಾರ್ಕಿಂಗ್‌ನಲ್ಲಿ ನಿಂತ ಕಾರುಗಳ ಗಾಜಿಗೆ ಕರಪತ್ರ ಸಿಕ್ಕಿಸಿದರು, ಅಷ್ಟೇ. ಸುಮಾರು 60 ಮಂದಿ ಗೆದ್ದರು. ಯಾರು ಗೆದ್ದರು ಅಂತ ಊರಿಗೆ ಗೊತ್ತಾದದ್ದು ಆಮೇಲೆ.

ಪಕ್ಷದ ಪ್ರೈಮರಿ ಚುನಾವಣೆಗೂ ಇದೇ ಲೆಕ್ಕ. ಅಭ್ಯರ್ಥಿ ಯಾರೆಂದು ತೀರ್ಮಾನವಾಗುವುದು ಅಲ್ಲಿ, ಅಲ್ಲಿಗೆ ಬರುವವರು ಕಡಿಮೆ. ಬಂದವರಲ್ಲಿ ಚರ್ಚಿನವರೇ ಜಾಸ್ತಿ ಇದ್ದರೆ, ಗೆಲ್ಲಬೇಕು ಅನ್ನುವ ರಿಪಬ್ಲಿಕನ್ ಅವರ ಮಾತು ಮೀರುವ ಹಾಗಿಲ್ಲ. ಬಿಳಿಯ ಇವ್ಯಾಂಜೆಲಿಕಲ್ ಜನ 2006ರಲ್ಲಿ ದೇಶದ ಸುಮಾರು 23% ಇದ್ದರು, ಈಗ 13–14% ಎನ್ನುತ್ತದೆ ಒಂದು ಪ್ರಮುಖ ಸಮೀಕ್ಷೆ. ಆದರೆ ಅಧ್ಯಕ್ಷ ಚುನಾವಣೆಯ ಎಕ್ಸಿಟ್ ಪೋಲ್ ತೆಗೆದು ನೋಡಿದರೆ ಓಟು ಹಾಕಿದವರಲ್ಲಿ ಅವರ ಪಾಲು ಈಗಲೂ ಕಾಲು ಭಾಗದ ಹತ್ತಿರ. ಎರಡರ ಅಳತೆ ವಿಧಾನ ಬೇರೆ ಬೇರೆ, ಹಾಗಾಗಿ ಪಕ್ಕಪಕ್ಕ ಇಟ್ಟು ಕಳೆಯುವ ಹಾಗಿಲ್ಲ. ಆದರೂ ದಿಕ್ಕು ಕಾಣುತ್ತದೆ.

ಜಡ್ಜ್‌ಗಳು

ಕಾನೂನು ಮಾಡುವುದಕ್ಕಿಂತ ಕಾನೂನು ಓದುವವರನ್ನು ಬದಲಿಸುವುದು ಮುಖ್ಯ ಎಂದು ಈ ಚಳವಳಿ ಕಲಿತದ್ದು ಪೆಟ್ಟು ತಿಂದು. 1992ರಲ್ಲಿ ಗರ್ಭಪಾತದ ಹಕ್ಕು ರದ್ದಾಗಬಹುದು ಎಂದು ಎಲ್ಲರೂ ಕಾಯುತ್ತಿದ್ದರು. ಅದನ್ನು ಉಳಿಸಿದ ಮುಖ್ಯ ತೀರ್ಪು ಬರೆದವರು ಮೂವರು: ರೇಗನ್ ನೇಮಿಸಿದ ಇಬ್ಬರು, ಹಿರಿಯ ಬುಷ್ ನೇಮಿಸಿದ ಡೇವಿಡ್ ಸೌಟರ್. ನಮ್ಮವರೇ ಕೈಕೊಟ್ಟರು ಎಂಬ ಸಿಟ್ಟು ಇಳಿಯಲೇ ಇಲ್ಲ.

2005ರಲ್ಲಿ ಕಿರಿಯ ಬುಷ್ ತಮ್ಮ ಆಪ್ತ ವಕೀಲೆ ಹ್ಯಾರಿಯೆಟ್ ಮಯರ್ಸ್ ಅವರನ್ನು ಸುಪ್ರೀಂ ಕೋರ್ಟಿಗೆ ಹೆಸರಿಸಿದರು. ಆಕೆ ಸ್ವತಃ ಇವ್ಯಾಂಜೆಲಿಕಲ್. ಆದರೂ ಬಲಪಂಥೀಯರು ಒಪ್ಪಲಿಲ್ಲ. ಚರ್ಚಿಗೆ ಹೋದರೆ ಸಾಕೆ, ತೀರ್ಪು ಹೇಗೆ ಕೊಡುತ್ತಾರೆ ಎಂಬುದಕ್ಕೆ ದಾಖಲೆ ಎಲ್ಲಿ? ತಿಂಗಳೊಳಗೆ ಆಕೆ ಹಿಂದೆ ಸರಿದರು. ಬದಲಿಗೆ ಬಂದವರು ಸ್ಯಾಮ್ಯುಯೆಲ್ ಅಲಿಟೊ, ಕ್ಯಾಥೊಲಿಕ್, ಪಕ್ಕಾ ದಾಖಲೆ ಇದ್ದವರು. ಒಂದು ಕಾಲಕ್ಕೆ ಪೋಪ್ ಹೆಸರೆತ್ತಿದರೆ ಉರಿದುಬೀಳುತ್ತಿದ್ದ ಮೂಲಭೂತವಾದಿಗಳು ಈಗ ಕ್ಯಾಥೊಲಿಕ್ ಕಾನೂನು ಪಂಡಿತರ ಜೊತೆ ಕೂತಿದ್ದರು. ಓಟು ಇವರದು, ಕಾನೂನಿನ ವಾದ ಅವರದು.

2016ರ ಮೇ ತಿಂಗಳಲ್ಲಿ ಟ್ರಂಪ್ ಹಿಂದೆ ಯಾವ ಅಭ್ಯರ್ಥಿಯೂ ಮಾಡದ ಕೆಲಸ ಮಾಡಿದರು. ಗೆದ್ದರೆ ಇವರಲ್ಲೇ ಒಬ್ಬರನ್ನು ಸುಪ್ರೀಂ ಕೋರ್ಟಿಗೆ ಹಾಕುತ್ತೇನೆ ಎಂದು 11 ಜಡ್ಜ್‌ಗಳ ಪಟ್ಟಿಯನ್ನೇ ಬಿಡುಗಡೆ ಮಾಡಿದರು, ಆಮೇಲೆ ಅದನ್ನು ಇನ್ನೂ ಬೆಳೆಸಿದರು. ಮೂರು ಮದುವೆಯಾದ, ಕ್ಯಾಸಿನೊ ನಡೆಸಿದ ಮನುಷ್ಯನಿಗೆ ಬಿಳಿಯ ಇವ್ಯಾಂಜೆಲಿಕಲ್ ಮತದಾರರಲ್ಲಿ 81% ಓಟು ಹಾಕಿದರು ಎಂದಿತು ಎಕ್ಸಿಟ್ ಪೋಲ್. ಇದನ್ನು ಬೂಟಾಟಿಕೆ ಎಂದು ನಗುವುದು ಸುಲಭ. ವ್ಯವಹಾರ ಎಂದು ನೋಡಿದರೆ ಅವರು ಕೇಳಿದ್ದು ಸಿಕ್ಕಿತು. ಟ್ರಂಪ್ ಮೂವರನ್ನು ನೇಮಿಸಿದರು. 2022ರ ಜೂನ್ 24ರಂದು ಗರ್ಭಪಾತದ ಸಾಂವಿಧಾನಿಕ ಹಕ್ಕು ಹೋಯಿತು. ತೀರ್ಪು ಬರೆದವರು ಅದೇ ಅಲಿಟೊ.

ಈ ಪ್ರಭಾವ ಅಮೆರಿಕದ ಗಡಿ ದಾಟಿಯೂ ಹೋಗುತ್ತದೆ. ಯಹೂದಿಗಳು ಪವಿತ್ರ ನಾಡಿಗೆ ಮರಳುವುದು ಯೇಸುವಿನ ಎರಡನೇ ಬರುವಿಕೆಗೆ ಮುನ್ಸೂಚನೆ ಎಂಬ ನಂಬಿಕೆ 1909ರ ಒಂದು ಅಡಿಟಿಪ್ಪಣಿ ಸಹಿತ ಬೈಬಲ್ ಮೂಲಕ ಮನೆಮನೆಗೆ ಹೋಗಿತ್ತು. 2018ರ ಮೇ 14ರಂದು ಅಮೆರಿಕದ ರಾಯಭಾರ ಕಚೇರಿ ಜೆರುಸಲೇಂಗೆ ಬಂದಾಗ ಸಮಾರಂಭದಲ್ಲಿ ಪ್ರಾರ್ಥನೆ ಮಾಡಿದವರಲ್ಲಿ ಟೆಕ್ಸಸ್‌ನ ಇಬ್ಬರು ಪಾಸ್ಟರ್‌ಗಳಿದ್ದರು. ಇನ್ನೊಂದು ಮುಖವನ್ನೂ ಹೇಳಬೇಕು. 2003ರಲ್ಲಿ ಕಿರಿಯ ಬುಷ್ ಶುರು ಮಾಡಿದ ಏಡ್ಸ್ ಪರಿಹಾರ ಯೋಜನೆಗೆ ಇವ್ಯಾಂಜೆಲಿಕಲ್ ಒತ್ತಾಸೆ ದೊಡ್ಡದಿತ್ತು. ಅದು ಮುಖ್ಯವಾಗಿ ಆಫ್ರಿಕಾದಲ್ಲಿ 2.5 ಕೋಟಿ ಜೀವ ಉಳಿಸಿದೆ ಎನ್ನುವುದು ಅಮೆರಿಕ ಸರ್ಕಾರದ ಲೆಕ್ಕ. ಅದೇ ಯೋಜನೆಯ ಮೊದಲ ವರ್ಷಗಳಲ್ಲಿ, ತಡೆಗಟ್ಟುವ ಹಣದ ಮೂರನೇ ಒಂದು ಭಾಗವನ್ನು ಮದುವೆವರೆಗೆ ಸಂಯಮ ಎಂಬ ಬೋಧನೆಗೇ ಖರ್ಚು ಮಾಡಬೇಕೆಂಬ ಷರತ್ತೂ ಇತ್ತು.

ನಮ್ಮವರ ಮಕ್ಕಳ ತರಗತಿಯಲ್ಲಿ

ಇದು ಅಮೆರಿಕದ ಕನ್ನಡಿಗರಿಗೆ ದೂರದ ಸುದ್ದಿಯೇನಲ್ಲ. 2007ರ ಜುಲೈ 12ರಂದು ಸೆನೆಟ್‌ನಲ್ಲಿ ಮೊದಲ ಸಲ ಹಿಂದೂ ಪ್ರಾರ್ಥನೆ ನಡೆಯಿತು. ನೆವಾಡಾದ ರಾಜನ್ ಜೆಡ್ ಬಾಯಿ ತೆರೆಯುತ್ತಿದ್ದ ಹಾಗೇ ಗ್ಯಾಲರಿಯಿಂದ ಮೂವರು ಕೂಗಿ ಅಡ್ಡಿ ಮಾಡಿದರು. ಇದು ದೇವರಿಗೆ ಅಪಚಾರ, ಕ್ಷಮಿಸು ಯೇಸುವೇ ಎಂಬ ಅರ್ಥದ ಕೂಗು. ಪೊಲೀಸರು ಅವರನ್ನು ಹಿಡಿದುಕೊಂಡು ಹೋದ ಮೇಲೆ ಪ್ರಾರ್ಥನೆ ಮುಂದುವರಿಯಿತು.

2025ರಲ್ಲಿ ಟೆಕ್ಸಸ್ ಒಂದು ಕಾನೂನು ಮಾಡಿತು. ಸರ್ಕಾರಿ ಶಾಲೆಯ ಪ್ರತಿ ತರಗತಿಯಲ್ಲೂ ಬೈಬಲ್‌ನ ದಶಾಜ್ಞೆಗಳ ಪೋಸ್ಟರ್ ಹಾಕಬೇಕು, ಅಳತೆ ಕನಿಷ್ಠ 16 × 20 ಇಂಚು. ಯಾವ ಪದಗಳು ಇರಬೇಕು ಎಂಬುದೂ ಕಾನೂನಿನಲ್ಲೇ ಇದೆ: ನನ್ನ ಹೊರತು ಬೇರೆ ದೇವರುಗಳು ನಿನಗಿರಬಾರದು, ವಿಗ್ರಹ ಮಾಡಿಕೊಳ್ಳಬಾರದು. ಡಲ್ಲಾಸ್ ಸುತ್ತಿನ ಪ್ಲೇನೊ, ಫ್ರಿಸ್ಕೊದಲ್ಲಿ ಭಾರತೀಯ ಕುಟುಂಬಗಳು ತುಂಬಿವೆ, ಕನ್ನಡದವರೂ ಇದ್ದಾರೆ. ಮನೆಯಲ್ಲಿ ಗೌರಿ ಗಣೇಶ ಕೂರಿಸಿ ಶಾಲೆಗೆ ಹೋದ ಮಗು, ಈ ಕಾನೂನಿನ ಪ್ರಕಾರ, ಗೋಡೆಯ ಮೇಲೆ ಓದಬೇಕಾದದ್ದು ಇದನ್ನು. ಈ ಕಾನೂನಿನ ವಿರುದ್ಧ ಕೋರ್ಟಿಗೆ ಹೋದವರಲ್ಲಿ ಯಹೂದಿಗಳು, ಕ್ರಿಶ್ಚಿಯನ್ನರು, ನಾಸ್ತಿಕರ ಜೊತೆ ಹಿಂದೂಗಳೂ ಇದ್ದರು. ಕೆಂಟಕಿಯ ಇಂಥದೇ ಕಾನೂನನ್ನು ಸುಪ್ರೀಂ ಕೋರ್ಟ್ 1980ರಲ್ಲೇ ಹೊಡೆದುಹಾಕಿತ್ತು. ಮತ್ತೆ ಯಾಕೆ ಮಾಡುತ್ತಾರೆ? ಕೋರ್ಟಿನಲ್ಲಿ ಕೂತವರು ಬದಲಾಗಿದ್ದಾರೆ ಎಂಬ ಭರವಸೆ ಮೇಲೆ.

ಓಟು ಹಾಕುವವರು ಕಡಿಮೆ ಆದಷ್ಟೂ ಲಾಭ ಎಂಬ ವೇರಿಕ್ ಸೂತ್ರ ಜೋರಾಗಿ ಕೈಕೊಟ್ಟದ್ದೂ ಇದೆ. ಗರ್ಭಪಾತದ ಹಕ್ಕು ಹೋದ ಆರು ವಾರದೊಳಗೆ, 2022ರ ಆಗಸ್ಟ್ 2ರಂದು, ಕ್ಯಾನ್ಸಸ್ ರಾಜ್ಯದಲ್ಲಿ ಜನಮತ ಗಣನೆ ಇತ್ತು. ರಾಜ್ಯದ ಸಂವಿಧಾನದಿಂದಲೂ ಆ ಹಕ್ಕು ತೆಗೆಯಬೇಕೇ ಎಂಬುದು ಪ್ರಶ್ನೆ. ದಿನಾಂಕ ಇಟ್ಟದ್ದು ಪ್ರೈಮರಿ ಜೊತೆ. ಡೆಮಾಕ್ರಟರೂ ಯಾವ ಪಕ್ಷಕ್ಕೂ ಸೇರದವರೂ ಮನೆಯಲ್ಲೇ ಉಳಿಯುವ ದಿನ ಅದು. ಆದರೆ ಆ ದಿನ 9 ಲಕ್ಷಕ್ಕೂ ಹೆಚ್ಚು ಜನ ಬಂದರು, ಸಾಮಾನ್ಯ ಪ್ರೈಮರಿಗೆ ಬರುವುದರ ಎರಡು ಪಟ್ಟಿನ ಹತ್ತಿರ. ರಿಪಬ್ಲಿಕನ್ ಕೋಟೆಯಾದ ರಾಜ್ಯದಲ್ಲಿ ಸುಮಾರು 59% ಬೇಡ ಎಂದರು. ಮುಂದಿನ ವರ್ಷ ಒಹಾಯೊದಲ್ಲಿ ಸಂವಿಧಾನ ತಿದ್ದಲು 60% ಓಟು ಬೇಕೆಂಬ ನಿಯಮ ತರಲು ಮತ್ತೆ ಆಗಸ್ಟ್ ತಿಂಗಳನ್ನೇ ಆರಿಸಿಕೊಂಡರು. ಅದೂ ಬಿತ್ತು. ಆದರೆ ಫ್ಲೋರಿಡಾದಲ್ಲಿ 60% ನಿಯಮ ಮೊದಲೇ ಇತ್ತು. 2024ರ ನವೆಂಬರ್‌ನಲ್ಲಿ ಗರ್ಭಪಾತದ ಹಕ್ಕಿಗೆ ಅಲ್ಲಿ 57% ಓಟು ಬಿದ್ದವು. ಹಕ್ಕು ಬರಲಿಲ್ಲ, ಆರು ವಾರದ ನಿಷೇಧ ಹಾಗೇ ಉಳಿಯಿತು.